ಓದಿದೋರೂ ಯಾಕೆ ಈ ಗುರೂಜಿಗಳ ಹಿಂದೆ ಬೀಳ್ತಾರೆ? ನಮ್ಮ ಭಾವನ್ನ ನೋಡಿ ತಲೆ ಕೆಟ್ಟೋಗಿದೆ

ಹೇಮಾವತಿ ದಂಡೆ (ಹಾಸನ)
ಎಲ್ರಿಗೂ ನಮಸ್ಕಾರ. ಸುಮಾರು ದಿನದಿಂದ ಕೇಳ್ಬೇಕು ಅನ್ಕೊಂಡಿದ್ದೆ, ಇವತ್ತು ಅಕ್ಕ ಫೋನ್ ಮಾಡಿ ಅತ್ತ ಮೇಲೆ ಬರೀತಾ ಇದೀನಿ.

ನಮ್ಮಕ್ಕನ್ನ ಸಕಲೇಶಪುರದ ಹತ್ರ ಕೊಟ್ಟಿರೋದು. ಭಾವ ಹಾಸನದಲ್ಲೇ ಬಿಇ ಮಾಡಿ, ಬೆಂಗಳೂರಲ್ಲಿ ಕೆಲ್ಸ ಮಾಡಿ, ಆಮೇಲೆ ಅಪ್ಪನ ತೋಟ ನೋಡ್ಕೊಳೋಕೆ ವಾಪಸ್ ಬಂದೋರು. ಲೆಕ್ಕಾಚಾರದ ಮನುಷ್ಯ, ಜೀಪಿಗೆ ಡೀಸೆಲ್ ಹಾಕ್ಸಿದ್ರೂ ಪುಸ್ತಕದಲ್ಲಿ ಬರೀತಿದ್ರು. ಅಂಥೋರು ಈಗ ಒಬ್ಬ ಗುರೂಜಿ ಹಿಂದೆ ಬಿದ್ದಿದಾರೆ. ಈ ಗುರೂಜಿಗೆ ಮಠ ಇಲ್ಲ, ಪರಂಪರೆ ಇಲ್ಲ, ನಿಮ್ಮ ಗುರುಗಳು ಯಾರು ಅಂತ ಕೇಳಿದ್ರೆ ‘ಹಿಮಾಲಯ’ ಅಂತಾರಂತೆ. ಗುರುವಾರ ಗುರುವಾರ ದರ್ಶನ. ತೋಟದ ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕ (ಕಾಂಡ ಕೊರೆಯೋ ಹುಳ) ಬಿದ್ದಿತ್ತು, ಗುರೂಜಿ ಮಂತ್ರಿಸಿದ ನೀರು ಕೊಟ್ರು, ಇವರು ಅದನ್ನ ಬ್ಯಾರಲ್‌ಗೆ ಬೆರೆಸಿ ತೋಟಕ್ಕೆಲ್ಲ ಹೊಡ್ಸಿದ್ರು. ಅಲ್ಲಿಗೆ ಮುಗೀತು ಅಂದ್ರೆ ಈಗ ಶುಗರ್ ಮಾತ್ರೆ ಅರ್ಧಕ್ಕೆ ಇಳಿಸಿದಾರೆ. ಏನಾದ್ರೂ ಕೇಳಿದ್ರೆ ‘ನಿಂಗೆ ಅನುಭವ ಆಗಿಲ್ಲಮ್ಮ, ಆದಾಗ ಗೊತ್ತಾಗುತ್ತೆ’.

ಬೈಯೋಕೆ ಕೇಳ್ತಿಲ್ಲ. ನಿಜವಾಗ್ಲೂ ಅರ್ಥ ಆಗ್ತಿಲ್ಲ. ಯಾಕೆ ಹಿಂಗಾಗುತ್ತೆ? ದಯವಿಟ್ಟು ಯಾರೂ ಹೆಸರು ಊಹೆ ಮಾಡ್ಬೇಡಿ.

ಕಡೂರ್ ತೆಂಗಿನಕಾಯಿ
ಜನ ಮರುಳೋ ಜಾತ್ರೆ ಮರುಳೋ. ಇದಕ್ಕೆಲ್ಲ ಉತ್ರ ಹುಡುಕ್ಬೇಡಿ.

ಆಲ್ದೂರ್ ಹುಡುಗ
ಆ ಗಾದೆ ಹೇಳಿ ಕೈ ತೊಳ್ಕೊಳೋದು ಸುಲಭ ಕಣಣ್ಣ. ಅವರ ಭಾವ ಮರುಳಲ್ಲ ಅಂತ ಅವರೇ ಹೇಳ್ತಿದಾರಲ್ಲ, ಪ್ರಶ್ನೆ ಇರೋದೇ ಅಲ್ಲಿ.

ಅರಸೀಕೆರೆ ಮೇಷ್ಟ್ರು
ಮೂವತ್ತು ವರ್ಷದ ಮೇಲೆ ಪಾಠ ಮಾಡಿದೀನಿ, ಒಂದು ಮಾತು ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ನಾವು ಮಕ್ಕಳಿಗೆ ಕಲಿಸೋದೇ ಇದನ್ನ. ದೊಡ್ಡೋರು ಹೇಳಿದ್ರೆ ಎದುರು ಮಾತಾಡ್ಬೇಡ, ಕೈ ಕಟ್ಕೊಂಡು ನಿಂತ್ಕೋ, ಪ್ರಶ್ನೆ ಕೇಳಿದ್ರೆ ಅಧಿಕಪ್ರಸಂಗಿ. ಇಷ್ಟೆಲ್ಲ ಕಲಿಸಿ ಐವತ್ತನೇ ವಯಸ್ಸಲ್ಲಿ ಇದ್ದಕ್ಕಿದ್ದಂತೆ ಪ್ರಶ್ನೆ ಮಾಡು ಅಂದ್ರೆ ಎಲ್ಲಿಂದ ಮಾಡ್ತಾನೆ.

ನಮ್ಮಲ್ಲಿ ಮಾತ್ರ ಹಿಂಗೆ ಅಂತಲೂ ಅಲ್ಲ. 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಅನ್ನೋರು ಒಂದು ಪ್ರಯೋಗ ಮಾಡಿದ್ರು. ಪಕ್ಕದ ರೂಮಲ್ಲಿ ಒಬ್ಬ ಕೂತಿರ್ತಾನೆ, ಅವನು ಉತ್ತರ ತಪ್ಪು ಹೇಳಿದಾಗೆಲ್ಲ ಇವರು ಕರೆಂಟ್ ಶಾಕ್ ಕೊಡ್ಬೇಕು, 15 ವೋಲ್ಟಿಂದ ಶುರು, 450ರ ತನಕ ಏರಿಸ್ತಾ ಹೋಗೋದು. ಶಾಕ್ ಸುಳ್ಳು, ಆದ್ರೆ ಕೊಡೋರಿಗೆ ಅದು ಗೊತ್ತಿಲ್ಲ. ಬಿಳಿ ಕೋಟ್ ಹಾಕಿದ ಒಬ್ಬ ಪಕ್ಕದಲ್ಲಿ ನಿಂತು ‘ಮುಂದುವರಿಸಿ’ ಅಂತಾನೆ. 40 ಜನರಲ್ಲಿ 26 ಜನ ಕೊನೇ ಸ್ವಿಚ್ ತನಕ ಹೋದ್ರು. ಬೆವರಿದ್ರು, ನಡುಗಿದ್ರು, ಬೇಡ ಅಂದ್ರು, ಆದ್ರೂ ಒತ್ತಿದ್ರು. ಅವರ್ಯಾರೂ ರಾಕ್ಷಸರಲ್ಲ, ಪೇಪರ್‌ನಲ್ಲಿ ಜಾಹೀರಾತು ನೋಡಿ ಬಂದ ಸಾಮಾನ್ಯ ಜನ.

ಮನಸ್ಸಿನ ಮಾತು (ಚಿಕ್ಕಮಗಳೂರು)
ಮೇಷ್ಟ್ರೇ ನಮಸ್ತೆ, ಎಂಎ ಸೈಕಾಲಜಿ ಓದ್ತಿದೀನಿ ಅದಕ್ಕೆ ಮಧ್ಯ ಬಾಯಿ ಹಾಕ್ತಿದೀನಿ. ಕೋಟ್ ಬಿಳಿ ಅಲ್ಲ ಸಾರ್, ಬೂದು ಬಣ್ಣದ್ದು 😊 ಎಲ್ರೂ ಬಿಳಿ ಅಂತಲೇ ಹೇಳ್ತಾರೆ. ಆ ಪ್ರಯೋಗಕ್ಕೆ ಆಮೇಲೆ ಟೀಕೆನೂ ಬಂತು, ಕೆಲವರಿಗೆ ಇದು ನಾಟಕ ಅಂತ ಅನುಮಾನ ಇತ್ತು ಅಂತ.

ಆದ್ರೆ ಹೇಮಾವತಿ ಅಕ್ಕಂಗೆ ಬೇಕಾಗಿರೋದು ಆ ಪ್ರಯೋಗದ ಉಳಿದ ಭಾಗ, ಅದನ್ನ ಯಾರೂ ಹೇಳಲ್ಲ. ಅವರು ಒಂದೇ ಸಲ ಮಾಡ್ಲಿಲ್ಲ, ಸ್ವಲ್ಪ ಸ್ವಲ್ಪ ಬದಲಾಯಿಸಿ ಮತ್ತೆ ಮತ್ತೆ ಮಾಡಿದ್ರು. ಹೇಳೋನು ರೂಮಿಂದ ಎದ್ದು ಹೋಗಿ ಫೋನಲ್ಲಿ ಆರ್ಡರ್ ಕೊಟ್ಟಾಗ ಮಾತು ಕೇಳೋರು ಐದಕ್ಕೆ ಒಬ್ಬರ ಲೆಕ್ಕಕ್ಕೆ ಇಳಿದ್ರು. ಜೊತೇಲಿ ಕೂತ ಇನ್ನಿಬ್ಬರು (ಅವರೂ ಪ್ರಯೋಗದ ಕಡೆಯೋರೇ) ‘ನಾವು ಮಾಡಲ್ಲ’ ಅಂತ ಎದ್ದು ಹೋದಾಗ 40ರಲ್ಲಿ 4 ಜನ ಮಾತ್ರ ಕೊನೆ ತನಕ ಹೋದ್ರು. 26 ಎಲ್ಲಿ, 4 ಎಲ್ಲಿ! ಪಕ್ಕದಲ್ಲಿ ಒಬ್ಬರಾದ್ರೂ ಇಲ್ಲ ಅನ್ನೋರು ಇದ್ರೆ ಸಾಕು. ಭಾವ ಗುರುವಾರ ಹೋಗೋ ಜಾಗದಲ್ಲಿ ಇಲ್ಲ ಅನ್ನೋರು ಯಾರಿರ್ತಾರೆ ಹೇಳಿ? ಇಲ್ಲ ಅನ್ನೋರೆಲ್ಲ ಯಾವತ್ತೋ ಬರೋದು ಬಿಟ್ಟಿರ್ತಾರೆ.

ಕಡೂರ್ ತೆಂಗಿನಕಾಯಿ
ಅಮೆರಿಕದೋರು ಶಾಕ್ ಕೊಟ್ಟಿದ್ದಕ್ಕೂ ಗುರೂಜಿ ಹತ್ರ ನಿಂಬೆಹಣ್ಣು ಇಸ್ಕೊಳೋದಕ್ಕೂ ಏನ್ ಗುರು ಸಂಬಂಧ

ಆಲ್ದೂರ್ ಹುಡುಗ
ಸಂಬಂಧ ಇಲ್ಲ ಅಂದ್ರೆ 15 ವೋಲ್ಟಿಂದ ಶುರು ಅನ್ನೋದನ್ನ ಇನ್ನೊಂದ್ಸಲ ಓದು. ಮೊದಲನೇ ದಿನವೇ ‘ಶುಗರ್ ಮಾತ್ರೆ ಬಿಡು’ ಅಂದಿದ್ರೆ ಅವರ ಭಾವ ಎದ್ದು ಬರ್ತಿದ್ರು. ಮೊದಲು ನಿಂಬೆಹಣ್ಣು. ಆಮೇಲೆ ಗುರುವಾರ ಮಾಂಸ ಬಿಡು. ಆಮೇಲೆ ತೋಟಕ್ಕೆ ನೀರು. ಮಾತ್ರೆ ಬರೋದು ಎಷ್ಟನೇ ಸ್ವಿಚ್ಚಿಗೋ.

ನರ್ಸಕ್ಕ
ನಾನು ಇಪ್ಪತ್ತು ವರ್ಷದಿಂದ ಆಸ್ಪತ್ರೆಲಿ ಕೆಲ್ಸ ಮಾಡ್ತಿರೋಳು, ಯಾವ ಆಸ್ಪತ್ರೆ ಅಂತ ಬೇಡ. ನಂಗೆ ಇದು ಆಶ್ಚರ್ಯನೇ ಅಲ್ಲ.

ನಮ್ಮ ಓಪಿಡಿಲಿ ಬೆಳಿಗ್ಗೆ ಒಂಬತ್ತಕ್ಕೆ ಟೋಕನ್ ತಗೊಂಡೋರಿಗೆ ಮಧ್ಯಾಹ್ನ ಡಾಕ್ಟ್ರು ಸಿಗ್ತಾರೆ, ಸಿಕ್ಕಿದ್ರೂ ಎರಡು ನಿಮಿಷ. ಡಾಕ್ಟ್ರದ್ದೂ ತಪ್ಪಲ್ಲ, ಹೊರಗೆ ನೂರು ಜನ ನಿಂತಿರ್ತಾರೆ. ರಿಪೋರ್ಟ್ ನೋಡಿ ಚೀಟಿ ಬರೆದು ಮುಂದಿನೋರು ಅಂತಾರೆ. ಅದೇ ಪೇಷಂಟ್ ಗುರೂಜಿ ಹತ್ರ ಹೋದ್ರೆ ಮೊದಲನೇ ಪ್ರಶ್ನೆ ಏನು ಗೊತ್ತಾ, ‘ನಿದ್ದೆ ಬರುತ್ತೇನಪ್ಪಾ?’ ಅಷ್ಟು ಕೇಳಿದ್ರೆ ಸಾಕು, ಗಂಡಸರು ಸಮೇತ ಅಳ್ತಾರೆ. ಮನೇಲಿ ಹೆಂಡ್ತಿ ಕೇಳಿರಲ್ಲ, ಮಕ್ಕಳು ಕೇಳಿರಲ್ಲ, ಬ್ಯಾಂಕಿನೋರಂತೂ ಸಾಲ ಯಾವಾಗ ಕಟ್ತೀಯಾ ಅಂತ ಬಿಟ್ರೆ ಬೇರೆ ಕೇಳಲ್ಲ. ಜನ ಹೋಗೋದು ಪವಾಡಕ್ಕೆ ಅಂತ ನೀವೆಲ್ಲ ಅನ್ಕೊಂಡಿದೀರ, ಮುಕ್ಕಾಲು ಪಾಲು ಜನ ಹೋಗೋದು ಕೇಳೋ ಕಿವಿಗೆ.

ಆದ್ರೆ ಹೇಮಾವತಿಯವರೇ, ಶುಗರ್ ಮಾತ್ರೆ ವಿಷಯ ಹಗುರವಾಗಿ ತಗೋಬೇಡಿ. ಮಾತ್ರೆ ಬಿಟ್ಟ ತಕ್ಷಣ ಏನೂ ಆಗಲ್ಲ, ಅದೇ ಮೋಸ. ‘ನೋಡು ಬಿಟ್ಟೆ, ಆರಾಮಾಗಿದೀನಿ’ ಅಂತಾರೆ, ಒಳಗೆ ಕಣ್ಣು ಕಿಡ್ನಿ ನರ ಹಾಳಾಗ್ತಾ ಇರುತ್ತೆ. ಎಚ್‌ಬಿಎ1ಸಿ ಅಂತ ಒಂದು ಟೆಸ್ಟ್ ಇದೆ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತೆ, ಜಗಳ ಆಡದೆ ಅದೊಂದು ಮಾಡ್ಸಿ. ಇನ್ಸುಲಿನ್ ಮೇಲೇ ಇರೋರು ಹಿಂಗೆ ಬಿಟ್ರೆ ಕೆಲವೇ ದಿನದಲ್ಲಿ ಜೀವಕ್ಕೇ ಬರುತ್ತೆ. ಅಂಥೋರನ್ನ ಸ್ಟ್ರೆಚರ್ ಮೇಲೆ ತಂದಿದ್ದನ್ನ ಕಣ್ಣಾರೆ ನೋಡಿದೀನಿ, ಕೈಗೆ ಕಟ್ಟಿದ್ದ ದಾರ ಇನ್ನೂ ಹೊಸದಾಗಿತ್ತು.

ಹೇಮಾವತಿ ದಂಡೆ (ಹಾಸನ)
ಇನ್ಸುಲಿನ್ ಇಲ್ಲ ಅಕ್ಕಾ, ಬರೀ ಮಾತ್ರೆ. ಟೆಸ್ಟ್ ವಿಷಯ ಇವತ್ತೇ ಅಕ್ಕಂಗೆ ಹೇಳ್ತೀನಿ. ಥ್ಯಾಂಕ್ಸ್.

ಶರಣು ಶರಣು
ಎಲ್ರೂ ಒಂದೇ ಸೈಡ್ ಮಾತಾಡ್ತಿದೀರ. ನಾನು ಒಬ್ಬ ಗುರುಗಳ ಹತ್ರ ಹೋಗ್ತೀನಿ, ಏನಿವಾಗ? ಗಂಡ ತೀರ್ಕೊಂಡಾಗ ನೆಂಟರೆಲ್ಲ ಹದಿಮೂರು ದಿನ ಇದ್ದು ಬಸ್ ಹತ್ತಿದ್ರು. ಆಮೇಲೆ ನನ್ನ ಕೈ ಹಿಡಿದಿದ್ದು ಆ ಸತ್ಸಂಗದ ಹೆಂಗಸರು. ಭಜನೆ ಇದೆ, ಅಡುಗೆ ಮಾಡಿ ಬಡಿಸ್ತೀವಿ, ಒಬ್ಬರಿಗೆ ಹುಷಾರಿಲ್ಲ ಅಂದ್ರೆ ಇನ್ನೊಬ್ಬರು ಹೋಗ್ತೀವಿ. ನನ್ನ ಗುರುಗಳು ಇವತ್ತಿನವರೆಗೂ ಹತ್ತು ರೂಪಾಯಿ ಕೇಳಿಲ್ಲ. ನೀವು ನಿಮ್ಮ ವಿಜ್ಞಾನ ಇಟ್ಕೊಂಡು ಒಂಟಿಯಾಗಿರಿ.

ಮನಸ್ಸಿನ ಮಾತು (ಚಿಕ್ಕಮಗಳೂರು)
ಅಮ್ಮಾ, ನಿಮ್ಮ ಮಾತಲ್ಲಿ ತಪ್ಪೇನಿಲ್ಲ. ಆದ್ರೆ ನೀವು ಹೇಳಿದ್ರಲ್ಲಿ ಗುರುಗಳು ಎಲ್ಲಿ ಬಂದ್ರು? ಕೈ ಹಿಡಿದಿದ್ದು ಆ ಹೆಂಗಸರು.

ಶರಣು ಶರಣು
ಆ ಹೆಂಗಸರನ್ನ ಒಟ್ಟು ಸೇರಿಸಿದ್ದು ಯಾರು ತಾಯಿ?

ಆಲ್ದೂರ್ ಹುಡುಗ
ಅಮ್ಮನ ಪಾಯಿಂಟ್ ಸರಿ ಇದೆ. ಒಪ್ಕೋಬೇಕು.

ಬಿಳಿ ಹೂವಿನ ತೋಟ (ಮೂಡಿಗೆರೆ)
ನಾನೂ ಬೆಳೆಗಾರ, ಕಾಂಡಕೊರಕದ ವಿಷಯ ಬಂದಿದ್ದಕ್ಕೆ ಬರೀತಿದೀನಿ. ಮಾರಾಯ್ರೆ ಆ ಹುಳ ಎಂಥೋರನ್ನೂ ದೇವರ ಹತ್ರ ಕಳಿಸುತ್ತೆ, ನಗಬೇಡಿ. ಚೆನ್ನಾಗಿದ್ದ ಗಿಡ ಎಲೆ ಹಳದಿಯಾಗಿ ಬಾಡುತ್ತೆ, ಕಾಂಡ ಸೀಳಿದ್ರೆ ಒಳಗೆಲ್ಲ ಸುರಂಗ.

ನಮ್ಮ ಜಿಲ್ಲೇಲೇ ಬಾಳೆಹೊನ್ನೂರಲ್ಲಿ ಕಾಫಿ ಸಂಶೋಧನಾ ಕೇಂದ್ರ ಇದೆ, 1925ರಿಂದ. ಅಲ್ಲಿಗೆ ಹೋದ್ರೆ ಏನಂತಾರೆ? ನೆರಳು ಸರಿ ಮಾಡಿ, ಕಾಂಡದ ಸಡಿಲ ತೊಗಟೆ ಉಜ್ಜಿ ತೆಗೀರಿ, ಸುಣ್ಣ ಬಳೀರಿ, ಹುಳ ಬಿದ್ದ ಗಿಡ ಹುಡುಕಿ ಕಿತ್ತು ಸುಡಿ. ಎಲ್ಲಾ ಸರಿಯಾದ ಮಾತೇ. ಆದ್ರೆ ಕೂಲಿ ಎಲ್ಲಿದೆ? ಹಣ್ಣು ಕುಯ್ಯೋಕೇ ಜನ ಇಲ್ಲ, ಅಸ್ಸಾಂನೋರನ್ನ ಕರೆಸ್ತಿದೀವಿ. ಅಪ್ಪ ನೆಟ್ಟ ಗಿಡ ಕಿತ್ತು ಸುಡು ಅಂದ್ರೆ ಹೊಟ್ಟೆ ಉರಿಯುತ್ತೆ. ಅಷ್ಟೆಲ್ಲ ಮಾಡಿದ್ಮೇಲೂ ಅವರು ‘ಕಡಿಮೆ ಆಗಬಹುದು’ ಅಂತಾರೆ. ಗುರೂಜಿ ‘ಹೋಗುತ್ತೆ ಹೋಗು’ ಅಂತಾನೆ. ‘ಬಹುದು’ ಅನ್ನೋನ ಹತ್ರ ಯಾರು ಹೋಗ್ತಾರೆ.

ಇನ್ನೊಂದು ವಿಷಯ. ಆ ಹುಳ ದುಂಬಿಯಾಗಿ ಹೊರಗೆ ಹಾರೋದು ಏಪ್ರಿಲ್-ಮೇನಲ್ಲಿ ಒಂದ್ಸಲ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದ್ಸಲ. ಮಧ್ಯೆ ಮಳೆಗಾಲದಲ್ಲಿ ಏನೂ ಕಾಣಲ್ಲ, ಗಿಡ ಹಸಿರಾಗಿರುತ್ತೆ. ಮೇನಲ್ಲಿ ತೊಂದ್ರೆ ಜೋರಾಗಿ ಕಂಡಾಗ ನೀವು ಮಂತ್ರದ ನೀರು ಹೊಡೀರಿ, ಜುಲೈಗೆ ಕಡಿಮೆ ಆಗಿರುತ್ತೆ, ಹೊಡೀದಿದ್ರೂ ಕಡಿಮೆ ಆಗಿರುತ್ತೆ. ನಿಮ್ಮ ಭಾವ ಯಾವ ತಿಂಗಳಲ್ಲಿ ಹೊಡ್ಸಿದ್ರು ಕೇಳಿ ನೋಡಿ.

ಹೇಮಾವತಿ ದಂಡೆ (ಹಾಸನ)
ಅಯ್ಯೋ, ಮೇ ಕೊನೇಲೇ ಸಾರ್! ಮಳೆ ಹಿಡಿಯೋ ಮುಂಚೆ.

ಅರಸೀಕೆರೆ ಮೇಷ್ಟ್ರು
ಎಂಥಾ ಮಾತು ಹೇಳಿದ್ರಿ. ಇದು ಜ್ವರ, ಮೈಕೈನೋವು, ಅಂಗಡಿ ವ್ಯಾಪಾರ ಎಲ್ಲದಕ್ಕೂ ನಡೆಯುತ್ತೆ. ಮನುಷ್ಯ ಗುರೂಜಿ ಹತ್ರ ಹೋಗೋದೇ ಪೂರಾ ನೆಲ ಕಚ್ಚಿದಾಗ, ಅಲ್ಲಿಂದ ಸ್ವಲ್ಪ ಮೇಲೆ ಬರೋದು ಹೆಂಗಿದ್ರೂ ಬರುತ್ತೆ, ಹೆಸರು ಮಾತ್ರ ಗುರೂಜಿಗೆ.

ಕಾಫಿ ಕಣ
ಮೂಡಿಗೆರೆ ಅಣ್ಣ, ನಿಮ್ಮಲ್ಲಿ ಮೆಣಸಿಗೆ ಸೊರಗು ರೋಗ ಈ ವರ್ಷ ಹೆಂಗಿದೆ?

ಬಿಳಿ ಹೂವಿನ ತೋಟ (ಮೂಡಿಗೆರೆ)
ಕೇಳ್ಬೇಡಿ. ಬೇರೆ ಪೋಸ್ಟ್ ಹಾಕಿ ಮಾತಾಡಣ.

ಕಡೂರ್ ತೆಂಗಿನಕಾಯಿ
ಹಂಗಾದ್ರೆ ಹಾಸನಾಂಬೆ ಗುಡಿ ಬಾಗ್ಲು ಹಾಕಿದ್ರೂ ಒಳಗೆ ವರ್ಷ ಪೂರ್ತಿ ದೀಪ ಆರಲ್ಲ ಅಂತಾರಲ್ಲ ಅದೂ ಸುಳ್ಳಾ? ಸಾವಿರ ರೂಪಾಯಿ ಟಿಕೆಟ್ ತಗೊಂಡು ಜನ ಹೋಗ್ತಾರಲ್ಲ ಅವರೆಲ್ಲ ಮೂರ್ಖರಾ? ಧೈರ್ಯ ಇದ್ರೆ ಅದನ್ನ ಬರೀರಿ

ಬಿಎಂ ರೋಡ್ ಬಾಯ್
ಶುರು ಆಯ್ತು 🍿

ಸಂತೇಪೇಟೆ ಸುಬ್ಬಿ
ಕಡೂರಣ್ಣ ನಾನು ಪ್ರತಿ ವರ್ಷ ಹಾಸನಾಂಬೆ ಸಾಲಲ್ಲಿ ನಿಲ್ತೀನಿ, ಧರ್ಮದರ್ಶನದ ಸಾಲಲ್ಲೇ. ದೀಪದ ಬಗ್ಗೆ ನಿಮ್ಮಿಷ್ಟ ನೀವು ನಂಬಿ. ಆದ್ರೆ ಅಮ್ಮ ಯಾವತ್ತೂ ನಂಗೆ ಬಿಪಿ ಮಾತ್ರೆ ಬಿಡು ಅಂದಿಲ್ಲ, ತಂಗಿ ಜೊತೆ ಮಾತು ಬಿಡು ಅಂದಿಲ್ಲ, ಗುರುವಾರ ಬರ್ಲಿಲ್ಲ ಯಾಕೆ ಅಂತ ಫೋನ್ ಮಾಡ್ಸಿಲ್ಲ. ಬಾಗ್ಲು ಹಾಕ್ಕೊಂಡು ಮುಂದಿನ ವರ್ಷ ಬಾ ಅಂತಾಳೆ. ದೇವರ ಮೇಲೆ ನಂಬಿಕೆ ಇಡೋದು ಒಂದು, ನಮ್ಮ ನಿಮ್ಮ ಥರ ಉಂಡು ಮಲಗೋ ಮನುಷ್ಯನ ಕೈಗೆ ಮನೆ ಬೀಗದ ಕೈ ಕೊಡೋದು ಇನ್ನೊಂದು.

ಅಡ್ಮಿನ್
ಸುಬ್ಬಿ ಅವರ ಉತ್ತರದ ಮೇಲೆ ದೀಪದ ಚರ್ಚೆ ಇಲ್ಲಿಗೆ ಸಾಕು. ದೇವಸ್ಥಾನ, ದರ್ಗಾ, ಚರ್ಚು ಯಾವುದನ್ನೂ ಎಳೀಬೇಡಿ. ದತ್ತಪೀಠದ ಬಗ್ಗೆ ಹಾಕಿದ್ದ ಎರಡು ಕಾಮೆಂಟ್ ತೆಗೆದಿದೀನಿ.

ಹಳೇ ಬಸ್ ಸ್ಟ್ಯಾಂಡ್
ದೀಪ ಅಲ್ಲ, ಹಾಲಿನ ಕಥೆ ಹೇಳ್ತೀನಿ, ಅದಕ್ಕೆ ಅಡ್ಮಿನ್ ಬೈಯಲ್ಲ ಅನ್ಕೊಂಡಿದೀನಿ. 1995ರ ಸೆಪ್ಟೆಂಬರ್ 21, ಗಣಪತಿ ಹಾಲು ಕುಡೀತಾನೆ ಅಂತ ದೇಶಕ್ಕೆ ದೇಶವೇ ಎದ್ದು ನಿಂತ ದಿನ. ಆಗ ಮೊಬೈಲ್ ಇಲ್ಲ, ವಾಟ್ಸಾಪ್ ಇಲ್ಲ, ಆದ್ರೂ ಒಂದೇ ದಿನದಲ್ಲಿ ದಿಲ್ಲಿಯಿಂದ ನಮ್ಮ ಬೀದಿಗೆ ಸುದ್ದಿ ಬಂತು. ಕೇಂದ್ರದ ವಿಜ್ಞಾನ ಇಲಾಖೆಯೋರು ಹಾಲಿಗೆ ಬಣ್ಣ ಹಾಕಿ ಕುಡಿಸಿ ತೋರ್ಸಿದ್ರು, ಚಮಚದ ಅಂಚಿಂದ ಹಾಲು ಕಲ್ಲಿಗೆ ಎಳ್ಕೊಂಡು ತೆಳ್ಳಗೆ ಮೈಮೇಲೆ ಇಳಿದು ಹೋಗ್ತಿತ್ತು, ಬಣ್ಣ ಇದ್ದಿದ್ರಿಂದ ಕಣ್ಣಿಗೆ ಕಾಣ್ತು. ಅದಕ್ಕೆ ಸರ್ಫೇಸ್ ಟೆನ್ಷನ್ ಅಂತ ಏನೋ ಹೇಳಿದ್ರು. ನಮ್ಮಜ್ಜಿ ಅದನ್ನ ಟಿವಿಲಿ ನೋಡಿ ಏನಂದ್ರು ಗೊತ್ತಾ, ‘ಬಣ್ಣ ಹಾಕಿದ್ರೆ ಯಾವ ದೇವರು ಕುಡಿಯುತ್ತೆ’ 😂

ಬಿಎಂ ರೋಡ್ ಬಾಯ್
ಅಜ್ಜಿ ರಾಕ್ಸ್

ಅರಸೀಕೆರೆ ಮೇಷ್ಟ್ರು
ಇಂಥ ಪರೀಕ್ಷೆನ ನಮ್ಮ ರಾಜ್ಯದಲ್ಲೇ ಗಟ್ಟಿಯಾಗಿ ಮಾಡೋಕೆ ಹೊರಟೋರು ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿ ಮಾಡಿದ್ರು, ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು ಸಮಿತಿ ಮುಂದೆ ಮಾಡಿ ತೋರ್ಸಿ ಅಂತ ಕೇಳಿದ್ರು, ಉತ್ತರ ಬರ್ಲಿಲ್ಲ. ಗಾಂಧಿ ಟೋಪಿ ಹಾಕಿ, ಮದುವೆ ಆಗದೆ, ಹಾಸ್ಟೆಲ್ ರೂಮಲ್ಲಿ ಬದುಕಿದ ಮನುಷ್ಯ, ನೋಡೋಕೆ ಅವರೇ ಸನ್ಯಾಸಿ ಥರ ಇದ್ರು. ಬಾಬಾ ಭಕ್ತರ ಸಂಖ್ಯೆ ಅದರಿಂದ ಕಡಿಮೆ ಆಯ್ತಾ? ಇಲ್ಲ. ಪವಾಡ ಸುಳ್ಳು ಅಂತ ತೋರ್ಸಿದ್ರೆ ಜನ ಬಿಡ್ತಾರೆ ಅನ್ನೋದೇ ನಮ್ಮಂಥೋರ ದೊಡ್ಡ ಮೂಢನಂಬಿಕೆ ಅಂತ ಈಗೀಗ ಅನ್ಸುತ್ತೆ.

ಲಾಯರ್ ಲೋಕೇಶ
ಮೇಷ್ಟ್ರು ಕೊನೇಲಿ ಹೇಳಿದ್ದು ಸತ್ಯ. 2017ರ ಆಗಸ್ಟ್‌ನಲ್ಲಿ ಡೇರಾ ಸಚ್ಚಾ ಸೌದಾದ ಬಾಬಾ ಗುರ್ಮೀತ್ ರಾಮ್ ರಹೀಮ್‌ಗೆ ಅತ್ಯಾಚಾರ ಕೇಸಲ್ಲಿ ಕೋರ್ಟೇ ಅಪರಾಧಿ ಅಂದ ದಿನ ಹರಿಯಾಣದ ಪಂಚಕುಲದಲ್ಲಿ ಗಲಭೆ ಎದ್ದು 30ಕ್ಕೂ ಹೆಚ್ಚು ಜನ ಸತ್ರು. ಸಾಕ್ಷಿ, ವಿಚಾರಣೆ, ತೀರ್ಪು, ಯಾವುದೂ ಲೆಕ್ಕಕ್ಕಿಲ್ಲ. ಉತ್ತರ ಪ್ರದೇಶದ ಹಾಥರಸ್‌ನಲ್ಲಿ 2024ರ ಜುಲೈ 2ಕ್ಕೆ ಒಬ್ಬ ಬಾಬಾನ ಸತ್ಸಂಗದಲ್ಲಿ 121 ಜನ ಕಾಲ್ತುಳಿತದಲ್ಲಿ ಸತ್ರಲ್ಲ, ಆ ಬಾಬಾ ಮೊದಲು ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದೋನು. ಅವನ ಪಾದದ ಧೂಳು ತಗೊಳೋಕೆ ಜನ ನುಗ್ಗಿದ್ರು ಅಂತ ವರದಿ ಬಂತು.

ಕಾನೂನು ಕೇಳಿದ್ರೆ ಎರಡಿದೆ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಆಕ್ಟ್ ಪ್ರಕಾರ ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೂರ್ಛೆ ಹೀಗೆ 50ಕ್ಕೂ ಹೆಚ್ಚು ಕಾಯಿಲೆ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋಹಾಗಿಲ್ಲ, ತಾಯತ ಮಂತ್ರವೂ ಅದರಲ್ಲಿ ಸೇರುತ್ತೆ. ಇನ್ನೊಂದು ನಮ್ಮ ರಾಜ್ಯದ್ದೇ, ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ, 2017ರಲ್ಲಿ ಪಾಸಾಗಿ 2020ರಲ್ಲಿ ಜಾರಿಗೆ ಬಂತು. ಆದ್ರೆ ಪೂಜೆ, ಹರಿಕಥೆ, ಪ್ರವಚನ ಎಲ್ಲ ಅದರಿಂದ ಹೊರಗೆ. ವಯಸ್ಸಿಗೆ ಬಂದ ಮನುಷ್ಯ ತಾನಾಗಿ ಮಾತ್ರೆ ಅರ್ಧ ಮಾಡ್ಕೊಂಡ್ರೆ ಗುರೂಜಿ ಮೇಲೆ ಕೇಸ್ ನಿಲ್ಲೋದು ಕಷ್ಟ, ‘ನಾನು ಪ್ರಾರ್ಥನೆ ಮಾಡು ಅಂದೆ ಅಷ್ಟೇ’ ಅಂತಾನೆ.

ಹೇಮಾವತಿಯವರು ಒಂದೇ ಒಂದು ನೋಡ್ಕೊಳ್ಳಿ. ತೋಟದ ಪಹಣಿ ಯಾರ ಹೆಸರಲ್ಲಿದೆ, ಜಾಯಿಂಟ್ ಇದೆಯಾ, ದಾನಪತ್ರ, ಜಿಪಿಎ (ಬೇರೆಯೋರಿಗೆ ಅಧಿಕಾರ ಕೊಡೋ ಪತ್ರ) ಏನಾದ್ರೂ ಮಾತು ಬಂದಿದೆಯಾ. ಸಬ್‌ರಿಜಿಸ್ಟ್ರಾರ್ ಆಫೀಸ್ ಮೆಟ್ಲು ಹತ್ತಿದ್ಮೇಲೆ ನನ್ನ ಹತ್ರ ಬಂದು ಪ್ರಯೋಜನ ಇಲ್ಲ.

ಕಡೂರ್ ತೆಂಗಿನಕಾಯಿ
ಹಿಂದೂ ಬಾಬಾಗಳು ಮಾತ್ರ ಕಾಣೋದಾ ಲಾಯರ್‌ಗೆ?

ಲಾಯರ್ ಲೋಕೇಶ
ಕೇಳಿದ್ರಲ್ಲ ತಗೊಳ್ಳಿ. ಜಿಮ್ ಜೋನ್ಸ್ ಕ್ರಿಶ್ಚಿಯನ್ ಪಾದ್ರಿ ಅಂತಲೇ ಶುರು ಮಾಡಿದೋನು, 1978ರ ನವೆಂಬರ್ 18ಕ್ಕೆ ಗಯಾನಾ ಕಾಡಲ್ಲಿ ಅವನ ಮಾತು ಕೇಳಿ 900ಕ್ಕೂ ಹೆಚ್ಚು ಜನ ಸತ್ರು, ಅದರಲ್ಲಿ ಮಕ್ಕಳಿಗೆ ವಿಷ ಕುಡಿಸಿದ್ದು. ನಮ್ಮ ಬೆಂಗಳೂರಲ್ಲೇ 2019ರಲ್ಲಿ ಐಎಂಎ ಅನ್ನೋ ಹೂಡಿಕೆ ಕಂಪನಿ ಮುಳುಗ್ತು, ಬಡ್ಡಿ ಅಲ್ಲ ಧರ್ಮಕ್ಕೆ ಒಪ್ಪೋ ಲಾಭ ಅಂತ ಸಾವಿರಾರು ಮುಸ್ಲಿಂ ಕುಟುಂಬಗಳು ಹಾಕಿದ ದುಡ್ಡು. ಸಾಕಾ? ಜಾತಿ ಧರ್ಮ ನೋಡಿ ಬರೋ ಕಾಯಿಲೆ ಅಲ್ಲ ಇದು.

ಕಡೂರ್ ತೆಂಗಿನಕಾಯಿ
ಸಾಕು

ಮಠದ ಹುಡುಗ
ನಾನು ತುಮಕೂರಿನ ಸಿದ್ಧಗಂಗೇಲಿ ಇದ್ದು ಓದಿದೋನು. ಉಚಿತ ಊಟ, ವಸತಿ, ಸಾವಿರಾರು ಮಕ್ಕಳು, ಯಾವ ಜಾತಿ ಅಂತ ಕೇಳಿಲ್ಲ. 2019ರ ಜನವರಿಲಿ ದೊಡ್ಡ ಸ್ವಾಮಿಗಳು ಲಿಂಗೈಕ್ಯರಾದಾಗ ನಾನು ಅತ್ತಿದ್ದು ಪವಾಡಕ್ಕಲ್ಲ. ಮೊದಲೇ ಹೇಳ್ಬಿಡ್ತೀನಿ, ಎಲ್ಲ ಕಾವಿನೂ ಒಂದೇ ತಕ್ಕಡೀಲಿ ತೂಗ್ಬೇಡಿ. ಮಠಕ್ಕೆ ಹಿಂದೆ ಗುರು ಇದಾರೆ, ಭಕ್ತರ ಸಮಿತಿ ಇದೆ, ತಪ್ಪಾದ್ರೆ ಕೇಳೋ ಜನ ಇದಾರೆ. ಸಿರಿಗೆರೆ ಮಠದಲ್ಲಿ ನ್ಯಾಯಪೀಠ ನಡೆಯುತ್ತೆ, ರೈತರು ಜಮೀನು ಜಗಳ ತಗೊಂಡು ಹೋಗ್ತಾರೆ, ಕೋರ್ಟಲ್ಲಿ ವರ್ಷಗಟ್ಲೆ ಕೊಳೆಯೋ ಕೇಸು ಅಲ್ಲಿ ಎರಡೂ ಕಡೆಯೋರ ಮುಂದೆ ಇತ್ಯರ್ಥ ಆಗುತ್ತೆ.

ಮನಸ್ಸಿನ ಮಾತು (ಚಿಕ್ಕಮಗಳೂರು)
ಮ್ಯಾಕ್ಸ್ ವೇಬರ್ ಅನ್ನೋ ಜರ್ಮನ್ ಚಿಂತಕ ಇದನ್ನೇ ಬೇರೆ ಥರ ಹೇಳಿದ್ರು. ಜನ ಮೂರು ಥರದ ಅಧಿಕಾರಕ್ಕೆ ತಲೆ ಬಾಗ್ತಾರೆ, ಹಿಂದಿಂದ ಬಂದ ಸಂಪ್ರದಾಯಕ್ಕೆ, ಕಾನೂನು-ಕಚೇರಿಗೆ, ಇಲ್ಲಾ ಒಬ್ಬ ವ್ಯಕ್ತಿಯ ವರ್ಚಸ್ಸಿಗೆ. ಮೊದಲ ಎರಡಕ್ಕೆ ಮೇಲೆ ಕೆಳಗೆ ಏನೋ ಒಂದು ಕಟ್ಟುಪಾಡು ಇರುತ್ತೆ. ಮೂರನೇದಕ್ಕೆ ಅವನೇ ಬೀಗ ಅವನೇ ಕೀ.

ಮಠದ ಹುಡುಗ
ಹೂಂ ಅದೇ.

ಸಂತೇಪೇಟೆ ಸುಬ್ಬಿ
ಪರಂಪರೆ ಇದ್ದ ಕಡೆ ಎಲ್ಲ ಸರಿ ಇರುತ್ತೆ ಅಂತನೂ ಹೇಳೋಕಾಗಲ್ಲ ತಮ್ಮಾ. ಪೇಪರ್ ಓದ್ತೀವಲ್ಲ.

ಮಠದ ಹುಡುಗ
ಒಪ್ತೀನಿ ಅಕ್ಕ. ಕೇಳೋರು ಕೇಳೋದು ಬಿಟ್ಟ ಕಡೆ ಎಲ್ಲಾ ಕೆಡುತ್ತೆ.

ಬಿಎಂ ರೋಡ್ ಬಾಯ್
ಕಾವಿ ಬಿಡಿ, ಖಾಕಿ ಕಥೆ ಕೇಳಿ. ನಮ್ಮ ರಸ್ತೇಲಿ ಒಬ್ಬ ರಿಟೈರ್ಡ್ ಅಂಕಲ್, ದೇವರು ದಿಂಡರು ಏನೂ ನಂಬಲ್ಲ, ಗಣಪತಿ ಚಂದಾ ಕೇಳಿದ್ರೆ ಲೆಕ್ಚರ್ ಕೊಡ್ತಾರೆ. ಅವರಿಗೆ ವಿಡಿಯೋ ಕಾಲ್ ಬಂತು, ಯೂನಿಫಾರ್ಮ್ ಹಾಕಿದೋನು, ಹಿಂದೆ ಸಿಬಿಐ ಲೋಗೋ, ನಿಮ್ಮ ಆಧಾರ್ ಮೇಲೆ ಡ್ರಗ್ಸ್ ಪಾರ್ಸಲ್ ಬಂದಿದೆ, ನೀವು ಡಿಜಿಟಲ್ ಅರೆಸ್ಟ್, ಕ್ಯಾಮೆರಾ ಮುಂದಿಂದ ಏಳಂಗಿಲ್ಲ, ಹೆಂಡ್ತಿಗೂ ಹೇಳಂಗಿಲ್ಲ. ಅಂಕಲ್ ಬಾತ್‌ರೂಮಿಗೆ ಹೋಗೋಕೂ ಪರ್ಮಿಷನ್ ಕೇಳಿದಾರೆ ಗುರೂ! ಎಫ್‌ಡಿ ಮುರಿಯೋಕೆ ಹೊರಟಾಗ ಆಂಟಿಗೆ ಅನುಮಾನ ಬಂದು ಮಗನಿಗೆ ಫೋನ್ ಮಾಡಿ ಬಚಾವ್.

2024ರ ಅಕ್ಟೋಬರ್‌ನಲ್ಲಿ ಪ್ರಧಾನಿನೇ ರೇಡಿಯೋದಲ್ಲಿ ಹೇಳಿದ್ರು ಕಾನೂನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲ ಅಂತ. ಇಂಥದ್ದು ಬಂದ್ರೆ ಕಟ್ ಮಾಡಿ ಸೈಬರ್ ವಂಚನೆ ಸಹಾಯವಾಣಿ 1930ಗೆ ಫೋನ್ ಮಾಡಿ. ನಾಸ್ತಿಕರೆಲ್ಲ ಬುದ್ಧಿವಂತರು ಅಂತ ಬೀಗೋರು ಇದನ್ನ ಓದಿ.

ನರ್ಸಕ್ಕ
‘ಹೆಂಡ್ತಿಗೂ ಹೇಳಂಗಿಲ್ಲ’ ಅನ್ನೋದನ್ನ ಗಮನಿಸಿದ್ರಾ? ಅಲ್ಲೇ ಇರೋದು ಎಲ್ಲ.

ಬಿಳಿ ಹೂವಿನ ತೋಟ (ಮೂಡಿಗೆರೆ)
ಗುರೂಜಿನೂ ಬೇಡ ಪೊಲೀಸೂ ಬೇಡ, ನಮ್ಮಲ್ಲಿ ವೆನಿಲ್ಲಾ ಬಂದಿದ್ದು ಯಾರಿಗೆ ನೆನಪಿದೆ? ಮಡಗಾಸ್ಕರ್‌ನಲ್ಲಿ 2000ದಲ್ಲಿ ಚಂಡಮಾರುತ ಬಂದು ಬೆಳೆ ಹೋಯ್ತು, ರೇಟು ಏರ್ತು, 2003ರ ಸುಮಾರಿಗೆ ಹಸಿ ಬೀನ್ಸಿಗೇ ಕೆಜಿಗೆ ಸಾವಿರ ದಾಟ್ತು. ಮಲೆನಾಡಲ್ಲಿ ಸಿಕ್ಕ ಸಿಕ್ಕ ಮರಕ್ಕೆಲ್ಲ ವೆನಿಲ್ಲಾ ಬಳ್ಳಿ ಕಟ್ಟಿದ್ರು, ರಾತ್ರಿ ಟಾರ್ಚ್ ಹಿಡಿದು ಕಾಯ್ತಿದ್ರು. ಎರಡು ವರ್ಷದಲ್ಲಿ ಕೇಳೋರಿಲ್ಲ. ಯಾರು ಹೇಳಿದ್ದು ಹಾಕಿ ಅಂತ? ಯಾರೂ ಇಲ್ಲ, ಪಕ್ಕದ ತೋಟದೋನು ಹಾಕಿದ ಅಂತ. ಓದಿದ ಪ್ಲಾಂಟರ್‌ಗಳೇ ಮೊದಲು ಹಾಕಿದ್ದು.

ಕಾಫಿ ಕಣ
ನಮ್ಮಪ್ಪ ಈಗಲೂ ಆ ಬಳ್ಳಿ ಕಿತ್ತಿಲ್ಲ. ಬರುತ್ತೆ ನೋಡು ರೇಟು ಅಂತಾರೆ.

ತರೀಕೆರೆ ತುಂಗಾ
ಹೇಮಾವತಿ, ನಮ್ಮ ಚಿಕ್ಕಮ್ಮ ಇಂಥದ್ದೇ ಒಂದು ಕಡೆ ಬಹಳ ವರ್ಷ ಇದ್ದು ಹೊರಗೆ ಬಂದೋರು, ಹತ್ತಿರದಿಂದ ನೋಡಿದೀನಿ. ಇಲ್ಲಿ ಎಲ್ರೂ ಯಾಕೆ ಹೋಗ್ತಾರೆ ಅಂತ ಬರೀತಿದಾರೆ. ಹೋಗೋದು ಯಾರು ಬೇಕಾದ್ರೂ ಹೋಗ್ತಾರೆ ಕಣೆ. ಯಾಕೆ ಬಿಡೋಕಾಗಲ್ಲ ಅನ್ನೋದು ನೋಡು.

ಚಿಕ್ಕಮ್ಮ ಬಳೆ ಕೊಟ್ಟಿದ್ರು, ಚಿಕ್ಕಪ್ಪನ ಜೊತೆ ಜಗಳ ಆಡಿದ್ರು, ತನ್ನ ನಾದಿನೀರನ್ನೂ ಅಲ್ಲಿಗೆ ಸೇರಿಸಿದ್ರು. ಅಷ್ಟರಲ್ಲಿ ಅವರಿಗೇ ಒಳಗೆ ಅನುಮಾನ ಬಂದಿತ್ತಂತೆ, ಆಮೇಲೆ ಹೇಳಿದ್ದು. ಬಿಟ್ರೆ ಏನಾಗುತ್ತೆ? ಬಳೆ ಹೋಯ್ತು, ಗಂಡ ಹೇಳಿದ್ದೇ ಸರಿ ಅಂತಾಯ್ತು, ನಾದಿನೀರ ಮುಂದೆ ತಲೆ ಎತ್ತಂಗಿಲ್ಲ, ಸಂಜೆ ಹೋಗೋಕೆ ಜಾಗ ಇಲ್ಲ. ನಿಮ್ಮ ಕಡೂರು ಅರಸೀಕೆರೆ ಬೋರ್‌ವೆಲ್ ಥರ, ಆರುನೂರು ಅಡಿಗೆ ನೀರು ಬರ್ಲಿಲ್ಲ ಅಂದ್ರೆ ಯಾರೂ ಗಾಡಿ ವಾಪಸ್ ಕಳಿಸಲ್ಲ, ಇನ್ನೊಂದು ನೂರಡಿ ಬಿಡಿ ಅಂತಾರೆ, ಇಷ್ಟು ಹಾಕಿದ್ದು ಮಣ್ಣಾಗ್ಬಾರ್ದಲ್ಲ ಅಂತ.

ನಾವೆಲ್ಲ ಏನ್ ಮಾಡ್ತಿದ್ವಿ ಗೊತ್ತಾ, ಮನೆಗೆ ಬಂದಾಗೆಲ್ಲ ‘ಏನಂದ್ರು ನಿಮ್ಮ ದೇವಮಾನವ’ ಅಂತ ನಗ್ತಿದ್ವಿ. ನಾವು ನ‌ಕ್ಕಷ್ಟೂ ಅವರು ಅಲ್ಲಿಗೆ ಅಂಟ್ಕೊಂಡ್ರು. ಹೊರಗೆ ಬಂದಿದ್ದು ನಮ್ಮಿಂದಲ್ಲ. ಅವರ ಹಳೇ ಸ್ನೇಹಿತೆ ಒಬ್ಬರು ಆ ವಿಷಯನೇ ಎತ್ತದೆ ವಾರಕ್ಕೊಂದ್ಸಲ ಬಂದು ಕಾಫಿ ಕುಡಿದು ಹೂವಿನ ಗಿಡ ಕೊಟ್ಟು ಹೋಗ್ತಿದ್ರು. ಒಂದಿನ ಚಿಕ್ಕಮ್ಮನೇ ಬಾಯಿ ಬಿಟ್ರು.

ಮನಸ್ಸಿನ ಮಾತು (ಚಿಕ್ಕಮಗಳೂರು)
ತುಂಗಾ ಅಕ್ಕ ಹೇಳಿದ್ದಕ್ಕೆ ದೊಡ್ಡ ಉದಾಹರಣೆ ಇದೆ. 1954ರ ಡಿಸೆಂಬರ್ 21ಕ್ಕೆ ಪ್ರಳಯ ಆಗುತ್ತೆ, ಹಾರೋ ತಟ್ಟೆ ಬಂದು ನಮ್ಮನ್ನ ಕರ್ಕೊಂಡು ಹೋಗುತ್ತೆ ಅಂತ ಅಮೆರಿಕದಲ್ಲಿ ಒಬ್ಬಾಕೆ ಹೇಳಿದ್ಲು, ಒಂದು ಗುಂಪು ನಂಬಿ ಕಾಯ್ತಾ ಕೂತ್ರು. ಲಿಯಾನ್ ಫೆಸ್ಟಿಂಗರ್ ಅನ್ನೋ ವಿಜ್ಞಾನಿ ಕಡೆಯೋರು ಗುಟ್ಟಾಗಿ ಆ ಗುಂಪಲ್ಲಿ ಸೇರ್ಕೊಂಡಿದ್ರು. ಪ್ರಳಯ ಬರ್ಲಿಲ್ಲ. ‘ನಮ್ಮ ಭಕ್ತಿ ನೋಡಿ ದೇವರು ಲೋಕ ಉಳಿಸಿದ’ ಅಂತ ಹೊಸ ಸಂದೇಶ ಬಂತು, ಕೆಲವರು ಇನ್ನೂ ಜೋರಾಗಿ ಪ್ರಚಾರಕ್ಕೆ ಇಳಿದ್ರು ಅಂತ ಅವರು ಬರೆದ್ರು. ಆ ಅಧ್ಯಯನದ ಮೇಲೂ ಈಗ ಟೀಕೆ ಇದೆ, ಸೇರ್ಕೊಂಡೋರೇ ಗುಂಪಿನ ಮೇಲೆ ಪ್ರಭಾವ ಬೀರಿದ್ರು ಅಂತ.

ಹಂಗೇ ಭಾವ ಹೇಳೋ ‘ಅನುಭವ’ದ ವಿಷಯ. 1948ರಲ್ಲಿ ಫೋರರ್ ಅನ್ನೋ ಮೇಷ್ಟ್ರು 39 ವಿದ್ಯಾರ್ಥಿಗಳಿಗೆ ನಿಮ್ಮ ಸ್ವಭಾವದ ವರದಿ ಅಂತ ಒಂದೊಂದು ಚೀಟಿ ಕೊಟ್ರು, ಎಷ್ಟು ನಿಜ ಅಂತ 5ಕ್ಕೆ ಮಾರ್ಕ್ಸ್ ಹಾಕಿ ಅಂದ್ರು. ಸರಾಸರಿ 4ರ ಮೇಲೆ ಬಂತು. ಎಲ್ಲಾ ಚೀಟೀಲೂ ಇದ್ದಿದ್ದು ಒಂದೇ ಬರಹ. ‘ನಿನಗೆ ನಿನ್ನೋರಿಂದಲೇ ನೋವಾಗಿದೆ, ಹೊರಗೆ ಗಟ್ಟಿ ಕಾಣ್ತೀಯ ಒಳಗೆ ಮೆತ್ತಗೆ’ ಅಂತ ಹೇಳಿ ನೋಡಿ, ಬೇಲೂರಿಂದ ಬೆಂಗಳೂರ ತನಕ ಯಾರಿಗೆ ಅನ್ವಯಿಸಲ್ಲ?

ಆಲ್ದೂರ್ ಹುಡುಗ
ನಂಗೆ ನಿಜವಾಗ್ಲೂ ನಮ್ಮೋರಿಂದಲೇ ನೋವಾಗಿದೆ 😭

ಶರಣು ಶರಣು
ತರೀಕೆರೆ ತಾಯಿ ಬರೆದಿದ್ದು ಓದಿದೆ. ಹೂವಿನ ಗಿಡದ ಮಾತು ಚೆನ್ನಾಗಿದೆ. ಹೇಮಾವತಿ, ನಾನು ಗುರುಗಳನ್ನ ಬಿಡು ಅನ್ನಲ್ಲ. ಆದ್ರೆ ಮಾತ್ರೆ ಬಿಡು ಅನ್ನೋ ಗುರು ಗುರುವಲ್ಲ. ನಮ್ಮ ಗುರುಗಳು ಮಾತ್ರೆ ತಗೊಂಡೇ ಪ್ರಸಾದಕ್ಕೆ ಕೂತ್ಕೋ ಅಂತಾರೆ. ನಿನ್ನ ಭಾವಂಗೆ ನನ್ನಂಥೋರು ಯಾರಾದ್ರೂ ಹೇಳಿದ್ರೆ ಕೇಳ್ಬಹುದು, ನೀವು ಹೇಳಿದ್ರೆ ಕೇಳಲ್ಲ.

ನರ್ಸಕ್ಕ
ನೂರಕ್ಕೆ ನೂರು ಸರಿ ಅಮ್ಮ.

ಹೇಮಾವತಿ ದಂಡೆ (ಹಾಸನ)
ಎಲ್ಲಾ ಓದಿದೆ. ಪಹಣಿ ಇನ್ನೂ ಮಾವನ ಹೆಸರಲ್ಲೇ ಇದೆಯಂತೆ ಲಾಯರ್ ಸಾರ್, ಅಷ್ಟು ನೆಮ್ಮದಿ. ಶರಣು ಅಮ್ಮ, ನಿಮಗೆ ಮೆಸೇಜ್ ಮಾಡಿದೀನಿ ನೋಡಿ. ಭಾವನ ದೊಡ್ಡಪ್ಪ ಒಬ್ಬರು ಇದಾರೆ, ಭಾರೀ ದೈವಭಕ್ತರು, ಮಾತ್ರೆನೂ ಟೈಮಿಗೆ ಸರಿಯಾಗಿ ನುಂಗ್ತಾರೆ. ಅವರ ಕೈಲಿ ಹೇಳ್ಸೋಣ ಅಂತ ಅಕ್ಕನ ಹತ್ರ ಮಾತಾಡಿದೀನಿ. ಕಾಂಡಕೊರಕದ ವಿಷಯ ಮಾತ್ರ ಅಕ್ಟೋಬರ್ ತನಕ ನಾನು ಎತ್ತಲ್ಲ.

ಬಿಳಿ ಹೂವಿನ ತೋಟ (ಮೂಡಿಗೆರೆ)
ಅಕ್ಟೋಬರ್ ತನಕ ಕಾಯ್ಬೇಡಿ ಮಾರಾಯ್ರೆ, ಸುಣ್ಣ ಈಗಲೇ ತರ್ಸಿ ಇಡಿ. ಗುರೂಜಿ ನೀರು ಹೊಡೆದ ಗಿಡಕ್ಕೂ ಸುಣ್ಣ ಬಳಿಬಹುದು, ಏನೂ ವಿರೋಧ ಇಲ್ಲ.

ಕಡೂರ್ ತೆಂಗಿನಕಾಯಿ
ಎಲ್ಲಾ ಆಯ್ತು, ಎಲೆಕ್ಷನ್ ಟೈಮಲ್ಲಿ ಕಟೌಟಿಗೆ ಹಾಲು ಸುರಿಯೋರ ಬಗ್ಗೆ ಯಾಕೆ ಯಾರೂ ಮಾತಾಡ್ಲಿಲ್ಲ? ಅದೂ ಇದೇ ಅಲ್ವಾ? ನಮ್ಮ ಎರಡು ಜಿಲ್ಲೇಲಿ ಎಷ್ಟು ಮನೆ ಅಣ್ಣ ತಮ್ಮಂದಿರು ಪಾರ್ಟಿ ವಿಷಯಕ್ಕೆ ಮಾತು ಬಿಟ್ಟಿದಾರೆ ಗೊತ್ತಾ

ಬಿಎಂ ರೋಡ್ ಬಾಯ್
ಕಡೂರಣ್ಣ ಫಸ್ಟ್ ಟೈಮ್ ಒಳ್ಳೆ ಪಾಯಿಂಟ್ ಹಾಕಿದಾರೆ 👏

ಅಡ್ಮಿನ್
ಒಳ್ಳೆ ಪಾಯಿಂಟೇ, ಆದ್ರೆ ಪಾರ್ಟಿ ಹೆಸರು ಬಂದ್ರೆ ಇಲ್ಲಿ ಹೊಡೆದಾಟ ಆಗುತ್ತೆ. ಬೇರೆ ಪೋಸ್ಟ್ ಹಾಕಿ, ಯಾರ ಹೆಸರೂ ಇಲ್ಲದೆ.

ಕಡೂರ್ ತೆಂಗಿನಕಾಯಿ
ಹೆಸರಿಲ್ಲದೆ ರಾಜಕೀಯ ಹೆಂಗ್ ಮಾತಾಡೋದು ಸ್ವಾಮಿ. ಸರಿ ಹಾಕ್ತೀನಿ, ಮೇಷ್ಟ್ರು ಬರ್ಬೇಕು ಅಲ್ಲಿಗೆ.